ಮಲೆನಾಡಿನ ಕೊಟ್ಟಿಗೆಯಲ್ಲಿ ಮರಗೆಲಸ: ಒಂದು ಕುರ್ಚಿ, ಒಂದು ಬಾಗಿಲು, ಒಂದು ಜಗುಲಿ ಬೆಂಚು

ಜುಲೈ ಬಂತೆಂದರೆ ನಮ್ಮ ಬಚ್ಚಲುಮನೆ ಬಾಗಿಲು ಮುಚ್ಚುವುದಿಲ್ಲ. ಭುಜ ಕೊಟ್ಟು ತಳ್ಳಬೇಕು. ಫೆಬ್ರವರಿಯಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಪೆನ್ಸಿಲ್ ತೂರುತ್ತದೆ. ಮೂಡಿಗೆರೆ ಸುತ್ತಮುತ್ತ ಹಳೇ ಮನೆಯಲ್ಲಿರುವವರಿಗೆ ಇದು ಹೊಸದೇನಲ್ಲ. ಆದರೂ ಪ್ರತಿ ಮಳೆಗಾಲ ಯಾರಾದರೊಬ್ಬರು ಕೀಸುಳಿ ಹಿಡಿದು ಬಾಗಿಲ ಅಂಚನ್ನು ಕೆರೆಯುತ್ತಾರೆ, ಬೇಸಿಗೆಯಲ್ಲಿ ಸಂದಿ ಮುಚ್ಚಲು ರೀಪು ಹೊಡೆಯುತ್ತಾರೆ, ಮುಂದಿನ ಮಳೆಗೆ ಮತ್ತೆ ಕೆರೆಯುತ್ತಾರೆ. ನಾನೂ ನಾಲ್ಕು ವರ್ಷ ಇದನ್ನೇ ಮಾಡಿದೆ.

ಮನೆಯಲ್ಲೇ ಮರಗೆಲಸ ಕಲಿಯಬೇಕು ಅನ್ನುವವರಿಗೆ ಇದು ಬರೆದದ್ದು. ವಿಡಿಯೋಗಳಲ್ಲಿ ಕಾಣುವ ಕೆಲಸ ಬಹುಪಾಲು ಒಣ ಹವೆಯ ಊರುಗಳದ್ದು. ಇಲ್ಲಿ ಅದನ್ನೇ ಹಾಗೇ ಮಾಡಿದರೆ ಅರ್ಧ ಕೆಟ್ಟುಹೋಗುತ್ತದೆ. ನಮ್ಮ ಕಡೆ ಉಳಿ ಹಿಡಿಯುವ ಮೊದಲು ನೀರಿನ ಲೆಕ್ಕ ಗೊತ್ತಿರಬೇಕು.

ನೀರಿನ ಲೆಕ್ಕ

ಕಡಿದ ಮೇಲೂ ಮರ ನೀರು ಕುಡಿಯುವುದನ್ನು ಬಿಡುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸು ಇದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಸುಮಾರು ಶೇಕಡಾ 9ಕ್ಕೆ ಬಂದು ನಿಲ್ಲುತ್ತದೆ. ತೇವಾಂಶ 90ಕ್ಕೆ ಏರಿದರೆ ಮರದ ನೀರು 20ರ ಹತ್ತಿರ ಹೋಗುತ್ತದೆ. ಬಟ್ಟೆ ಮೂರು ದಿನವಾದರೂ ಒಣಗದ ನಮ್ಮ ಆಷಾಢದಲ್ಲಿ ಮರ ಯಾವ ಕಡೆ ಇರುತ್ತದೆ ಅಂತ ಹೇಳಬೇಕಾಗಿಲ್ಲ.

ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಉಬ್ಬುವುದು ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಹೆಚ್ಚುಕಮ್ಮಿ ಅದರ ಅರ್ಧ. ಒಂದಡಿ ಅಗಲದ ಹಲಗೆ ಮಳೆಗೂ ಬೇಸಿಗೆಗೂ ನಡುವೆ ಒಂದರಿಂದ ಎರಡು ನೂಲು ಆಚೀಚೆ ಆಗುತ್ತದೆ. ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು. ಬಡಗಿಗಳ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು, ಕಲಿತುಕೊಳ್ಳಿ.

ಇದನ್ನು ನಾನು ಕಲಿತದ್ದು ಒಂದು ಟೇಬಲ್ ಹಾಳು ಮಾಡಿ. ತಂಗಿ ಕಡೂರಿನಲ್ಲಿ ಮನೆ ಮಾಡಿದಾಗ ಸಿಲ್ವರ್ ಓಕಿನ ಊಟದ ಟೇಬಲ್ ಮಾಡಿಕೊಟ್ಟೆ. ಆಗಸ್ಟಿನಲ್ಲಿ ಮಾಡಿದ್ದು. ಹಲಗೆಯನ್ನು ಚೌಕಟ್ಟಿಗೆ ಹತ್ತು ಸ್ಕ್ರೂ ಹಾಕಿ ಬಿಗಿದಿದ್ದೆ, ಅಂಟೂ ಬಳಿದಿದ್ದೆ. ಒಂದೇ ಜಿಲ್ಲೆ ಆದರೂ ಕಡೂರಿನ ಗಾಳಿಯೇ ಬೇರೆ, ಒಣ ಗಾಳಿ. ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ. ಬೆಳಿಗ್ಗೆ ನೋಡಿದರೆ ಟೇಬಲ್ ನಡುವೆ ಉದ್ದಕ್ಕೂ ಸೀಳು, ಒಂದು ತುದಿಯಲ್ಲಿ ಎರಡು ರೂಪಾಯಿ ನಾಣ್ಯ ಇಳಿಯುವಷ್ಟು. ಕುಗ್ಗಲು ಹೊರಟ ಹಲಗೆಯನ್ನು ನನ್ನ ಹತ್ತು ಸ್ಕ್ರೂ ಬಿಡಲಿಲ್ಲ. ಅದಕ್ಕೆ ಬೇರೆ ದಾರಿ ಇರಲಿಲ್ಲ, ಸೀಳಿತು.

ಜಾಗ, ಸಾಮಾನು

ದನ ಇಲ್ಲದ ಕೊಟ್ಟಿಗೆ, ಸೌದೆ ಮನೆ, ಕಾರ್ ಶೆಡ್ ಯಾವುದಾದರೂ ಆದೀತು. ಎರಚಲು ಹೊಡೆಯಬಾರದು, ನೆಲ ಒದ್ದೆಯಾಗಬಾರದು. ಮರವನ್ನು ನೆಲದ ಮೇಲೆ ಇಡಬೇಡಿ, ಗೋಡೆಗೂ ಒರಗಿಸಬೇಡಿ. ನಾಲ್ಕು ಸಿಮೆಂಟ್ ಇಟ್ಟಿಗೆ, ಮೇಲೆ ಎರಡು ಪಕಾಸಿ, ಅದರ ಮೇಲೆ ಹಲಗೆ. ಗೆದ್ದಲು ಹತ್ತಿದರೆ ಮಣ್ಣಿನ ದಾರಿ ಕಣ್ಣಿಗೆ ಬೀಳುವಂತಿರಬೇಕು.

ಕೆಲಸ ಮಾಡಲು ಗಟ್ಟಿ ಮೇಜು ಬೇಕು. ಸೊಂಟದಿಂದ ಸ್ವಲ್ಪ ಕೆಳಗೆ ಬರುವ ಎತ್ತರ. ಅಲುಗಾಡುವ ಮೇಜಿನ ಮೇಲೆ ಕೀಸುವುದು ಅಂದರೆ ದೋಣಿಯಲ್ಲಿ ಕೂತು ಕ್ಷೌರ ಮಾಡಿಕೊಂಡ ಹಾಗೆ. ಹಳೇ ಮನೆ ಕೆಡವಿದ ಜಾಗದಲ್ಲಿ ತೊಲೆ ಸಿಕ್ಕರೆ ಅದೇ ಕಾಲು ಮಾಡಿ.

ಮೊದಲ ವರ್ಷಕ್ಕೆ ಇಷ್ಟು ಸಾಕು: ಮೂರು ನೂಲು, ಅರ್ಧ ಇಂಚು, ಒಂದು ಇಂಚಿನ ಮೂರು ಉಳಿ, ಒಂದು ಕೈ ಗರಗಸ, ಸಣ್ಣ ಹಲ್ಲಿನ ಇನ್ನೊಂದು ಗರಗಸ, ಕಬ್ಬಿಣದ ಕೀಸುಳಿ, ಮೂಲೆಮಟ್ಟ, ಗೆರೆ ಎಳೆಯುವ ಮಾರ್ಕಿಂಗ್ ಗೇಜ್, ಕೊಡತಿ ಅಂದರೆ ಮರದ ಸುತ್ತಿಗೆ, ಡ್ರಿಲ್, ನಾಲ್ಕು ಕ್ಲಾಂಪ್. ಕರೆಂಟಿನ ಯಂತ್ರಗಳಲ್ಲಿ ಡ್ರಿಲ್ ಬಿಟ್ಟು ಬೇರೆ ಯಾವುದನ್ನೂ ಸದ್ಯಕ್ಕೆ ಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟು ಇರುವುದು ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಬೇಲೂರಿನ ದೇವಸ್ಥಾನದಲ್ಲಿ ಕಡೆದಿಟ್ಟಂತಿರುವ ಕಂಬ ನೋಡಿ ಬಂದವರಿಗೆ ನಾಳೆಯೇ ಮರ ತಿರುಗಿಸಿ ಕಡೆಯುವ ಲೇತ್ ತರಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ತಡೆಯಿರಿ.

ಒಂದು ಮಾತು ಮಾತ್ರ ಜೋರಾಗಿ ಹೇಳುತ್ತೇನೆ. ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಬೇಡಿ. ಅಂಗಡಿಯಲ್ಲಿ ಸಿಗುತ್ತದೆ, ಎಲ್ಲರೂ ಹಾಕುತ್ತಾರೆ, ಅದೆಲ್ಲ ಸರಿ. ಮರದಲ್ಲಿ ಹಲ್ಲು ಕಚ್ಚಿಕೊಂಡ ಕ್ಷಣ ಅದು ಕೈಯಿಂದ ಹಾರುತ್ತದೆ, ಎತ್ತ ಹಾರುತ್ತದೆ ಅಂತ ಯಾರೂ ಹೇಳಲಾರರು.

ಮಲೆನಾಡಲ್ಲಿ ಕಬ್ಬಿಣಕ್ಕೆ ತುಕ್ಕು ರಾತ್ರೋರಾತ್ರಿ ಬರುತ್ತದೆ. ಕೆಲಸ ಮುಗಿದ ಮೇಲೆ ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಉಳಿ, ಕೀಸುಳಿ ಎರಡನ್ನೂ ಒಂದು ಸಲ ಒರೆಸಿಡಿ.

ಹರಿತ ಮಾಡುವುದು

ಹೊಸ ಉಳಿ ಹರಿತವಾಗಿ ಬರುವುದಿಲ್ಲ. ಇದನ್ನು ಅಂಗಡಿಯವನು ಹೇಳುವುದಿಲ್ಲ. ಹೊಸಬರು ಮೊಂಡು ಉಳಿಯಲ್ಲಿ ಎರಡು ದಿನ ಗುದ್ದಾಡಿ, ಇದು ನನ್ನ ಕೈಲಾಗುವ ಕೆಲಸ ಅಲ್ಲ ಅಂತ ಬಿಟ್ಟುಬಿಡುತ್ತಾರೆ. ತಪ್ಪು ಅವರದ್ದಲ್ಲ, ಉಳಿಯದ್ದು.

ದಪ್ಪ ಗಾಜಿನ ತುಂಡು, ಅದರ ಮೇಲೆ 400, 800, 1500 ನಂಬರಿನ ನೀರಿನ ಮರಳು ಕಾಗದ. ಸಾಣೆಕಲ್ಲು ಇದ್ದರೆ ಇನ್ನೂ ಒಳ್ಳೆಯದು. ಮೊದಲು ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ, ತುದಿಯಿಂದ ಒಂದು ಇಂಚು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ. ಇದು ಉಳಿಯ ಆಯುಷ್ಯದಲ್ಲಿ ಒಂದೇ ಸಲ ಮಾಡುವ ಕೆಲಸ, ಬೇಜಾರಾದರೂ ಬಿಡಬೇಡಿ.

ಆಮೇಲೆ ಇಳಿಜಾರಿನ ಬದಿ. 30 ಡಿಗ್ರಿ ಬೇಕು. ಅಳೆಯುವುದು ಹೇಗೆ? ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿ. ಸ್ಕೇಲ್ ಸಾಕು, ಕೋನಮಾಪಕ ಬೇಡ. ಅದೇ ಕೋನದಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ತಳ್ಳಿದರೆ ಕಾಗದ ಹರಿಯುತ್ತದೆ. ಹತ್ತಿಪ್ಪತ್ತು ಎಳೆತದ ನಂತರ ಬೆನ್ನಿನ ಕಡೆಯಿಂದ ಹೆಬ್ಬೆರಳನ್ನು ಅಂಚಿನಾಚೆಗೆ ಮೆಲ್ಲಗೆ ಸವರಿ. ಒಂದು ಸಣ್ಣ ತಡೆ ಬೆರಳಿಗೆ ಸಿಗುತ್ತದೆ, ಹರಿದ ಉಗುರಿನ ಹಾಗೆ. ಅದು ಅಂಚಿನುದ್ದಕ್ಕೂ ಸಿಕ್ಕರೆ ಮಾತ್ರ ಮುಂದಿನ ನಂಬರಿಗೆ ಹೋಗಿ. ಎಲ್ಲಾದರೂ ತಪ್ಪಿದ್ದರೆ ಆ ಜಾಗ ಇನ್ನೂ ಮೊಂಡು ಅಂತ ಅರ್ಥ. ಕೊನೆಗೆ ಬೆನ್ನನ್ನು ಒಂದೆರಡು ಸಲ ಉಜ್ಜಿ ಆ ತಡೆಯನ್ನು ತೆಗೆಯಿರಿ. ಹಳೇ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಎಳೆದರೆ ಮುಗಿಯಿತು.

ಕೈ ರೋಮ ಬೋಳಿಸಿ ಪರೀಕ್ಷೆ ಮಾಡುವವರಿದ್ದಾರೆ. ನಾನು ಸಿಲ್ವರ್ ಓಕಿನ ಕಡಿದ ತುದಿಯನ್ನು ಕೆತ್ತಿ ನೋಡುತ್ತೇನೆ. ಮೆತ್ತಗಿನ ಮರದ ತುದಿ ಮೊಂಡು ಉಳಿಗೆ ಪುಡಿಪುಡಿಯಾಗುತ್ತದೆ. ಹರಿತ ಇದ್ದರೆ ಬೆಣ್ಣೆ ಕೊಯ್ದ ಹಾಗೆ ನುಣುಪಾಗಿ ಬರುತ್ತದೆ. ಗಟ್ಟಿ ಮರ ಸುಳ್ಳು ಹೇಳಬಹುದು, ಮೆತ್ತನೆ ಮರ ಹೇಳುವುದಿಲ್ಲ.

ಉಳಿಯ ಹಿಡಿ ಒಡೆದರೆ ಹೊಸದು ಕೊಳ್ಳಬೇಡಿ. ತೋಟದಲ್ಲಿ ಕಿತ್ತುಹಾಕಿದ ಹಳೇ ಕಾಫಿ ಗಿಡದ ಬುಡ ಇರುತ್ತದಲ್ಲ, ಗಟ್ಟಿ, ತೂಕ, ನುಣುಪು. ಬಿಳಿ ಕಾಂಡಕೊರಕ ಹುಳ ಹೊಡೆದು ಕಿತ್ತ ಅರೇಬಿಕಾ ಆದರೆ ಸುರಂಗ ಇಲ್ಲದ ತುಂಡು ಆರಿಸಿ. ನೆರಳಲ್ಲಿ ಒಣಗಿಸಿದ ಮೇಲೆ ಹಿಡಿ ಮಾಡಿ. ಹಸಿಯಲ್ಲೇ ಮಾಡಿದರೆ ಬಿರುಕು ಬಿಡುತ್ತದೆ.

ಯಾವ ಮರ

ಕಲಿಯುವವರಿಗೆ ಸಿಲ್ವರ್ ಓಕ್. ನಮ್ಮ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಹಾಕಿದ್ದು, ಎಲ್ಲ ಸಾಮಿಲ್ಲಿನಲ್ಲೂ ಸಿಗುತ್ತದೆ. ಹೆಸರಲ್ಲಿ ಓಕ್ ಇದ್ದರೂ ಓಕಿಗೂ ಇದಕ್ಕೂ ಸಂಬಂಧ ಇಲ್ಲ. ಇದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. ತಿರುಳಿನಿಂದ ಹೊರಕ್ಕೆ ಸೀಳಿದ ಹಲಗೆಯಲ್ಲಿ ಜರಿ ಸೀರೆಯ ಹೊಳಪಿನಂಥ ಚುಕ್ಕೆ ಬರುತ್ತದೆ, ಎಣ್ಣೆ ಹಚ್ಚಿದಾಗ ನೋಡಬೇಕು. ಎರಡು ದೋಷ ಇವೆ. ಬಯಲಲ್ಲಿಟ್ಟರೆ ಬೇಗ ಕೊಳೆಯುತ್ತದೆ, ಮರ ಕೊರೆಯುವ ಕುಟ್ಟೆ ಹುಳವೂ ಹಿಡಿಯುತ್ತದೆ. ಮತ್ತೆ ಇದರ ಹೊಟ್ಟು ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ದದ್ದು ಏಳುತ್ತದೆ. ಮಾಸ್ಕ್, ತುಂಬುತೋಳಿನ ಅಂಗಿ ಹಾಕಿ, ಕೆಲಸ ಮುಗಿದ ತಕ್ಷಣ ಸ್ನಾನ ಮಾಡಿ.

ಸ್ವಲ್ಪ ಕೈ ಕೂತ ಮೇಲೆ ಹಲಸು. ಹೊಸದರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದಂತೆ ಕಂದು. ಕೀಸಲು ಸುಖ, ಹುಳ ಕಡಿಮೆ. ಮತ್ತಿ, ಹೊನ್ನೆ ಗಟ್ಟಿ ಮರಗಳು, ಉಳಿಗೆ ಕೆಲಸ ಜಾಸ್ತಿ. ಬೀಟೆಯ ಆಸೆ ಬೇಡ. ಸ್ವಂತ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಹಳೇ ಮಂಚ, ಮುರಿದ ಪೆಟ್ಟಿಗೆಯಲ್ಲಿ ಸಿಕ್ಕ ತುಂಡನ್ನು ಜೋಪಾನವಾಗಿಡಿ.

ಸಾಮಿಲ್ಲಿನಲ್ಲಿ ಲೆಕ್ಕ ಘನ ಅಡಿ, ಅಂದರೆ ಸಿಎಫ್‌ಟಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿ. 6 ಅಡಿ ಉದ್ದ, 12 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಮುಕ್ಕಾಲು ಸಿಎಫ್‌ಟಿ. ಇದನ್ನು ಬಾಯಲ್ಲೇ ಹೇಳಿ ನೋಡಿ, ಕೌಂಟರಿನಲ್ಲಿ ಮರ್ಯಾದೆ ಸ್ವಲ್ಪ ಜಾಸ್ತಿಯಾಗುತ್ತದೆ.

ಹಸಿ ಹಲಗೆ ತಂದರೆ ತುದಿಗಳಿಗೆ ಹಳೇ ಪೇಂಟ್ ಬಳಿಯಿರಿ. ತುದಿಯಿಂದ ನೀರು ಬೇಗ ಹೋಗುವುದರಿಂದಲೇ ತುದಿ ಸೀಳುವುದು. ಹಲಗೆಗಳ ನಡುವೆ ಎರಡಡಿಗೊಂದು ಒಂದೇ ದಪ್ಪದ ರೀಪು ಇಟ್ಟು, ನೆರಳಲ್ಲಿ ಪೇರಿಸಿ, ಮೇಲೆ ಕಲ್ಲು ಹೇರಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಡ. ಒಂದು ಸಣ್ಣ ತುಂಡನ್ನು ಹಲಗೆಯ ಜೊತೆಗೇ ಇಟ್ಟು, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಅದರ ಮೇಲೇ ಬರೆಯಿರಿ. ಮೂರು ವಾರ ತೂಕ ಇಳಿಯದಿದ್ದರೆ ಆ ತುಂಡು ಒಣಗಿತು. ದೊಡ್ಡ ಹಲಗೆಗೆ ಇನ್ನೊಂದು ತಿಂಗಳು ಬಿಡಿ.

ಅಲುಗಾಡುವ ಕುರ್ಚಿ

ಮೊದಲ ಕೆಲಸ ಇದನ್ನೇ ಮಾಡಿ. ಎಲ್ಲರ ಮನೆಯಲ್ಲೂ ಒಂದು ಕುರ್ಚಿ ಇರುತ್ತದೆ, ನೆಂಟರು ಬಂದರೆ ಅದನ್ನು ಮಾತ್ರ ಕೊಡುವುದಿಲ್ಲ.

ದಯವಿಟ್ಟು ಮೊಳೆ ಹೊಡೆಯಬೇಡಿ. ಮೊಳೆ ಒಂದು ತಿಂಗಳು ಹಿಡಿಯುತ್ತದೆ, ಆಮೇಲೆ ಮರವನ್ನೇ ಸೀಳುತ್ತದೆ. ಸಂದಿಗೆ ಮೇಲಿಂದ ಫೆವಿಕಾಲ್ ಸುರಿಯುವುದೂ ಅಷ್ಟೇ. ಹಳೇ ಅಂಟಿನ ಪೊರೆಯ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಬಿಚ್ಚಲೇಬೇಕು.

ಬಿಚ್ಚುವ ಮೊದಲು ಪ್ರತಿ ಸಂದಿಯ ಎರಡೂ ಕಡೆ ಒಂದೇ ನಂಬರ್ ಬರೆಯಿರಿ. ಎಡಕಾಲು ಬಲಕಾಲು ಅಂತ ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ. ಟಾರ್ಚ್ ಹಿಡಿದು ಹಿಂದೆ ಯಾರಾದರೂ ಹೊಡೆದ ಮೊಳೆ ಇದೆಯಾ ನೋಡಿ, ಇದ್ದರೆ ಮೊದಲು ಅದನ್ನು ಕೀಳಿ. ಆಮೇಲೆ ಕುರ್ಚಿಗೆ ಮರದ ತುಂಡು ಅಡ್ಡ ಇಟ್ಟು ಕೊಡತಿಯಲ್ಲಿ ತಟ್ಟಿ. ತಟ್ಟಿ ಅಂದೆ, ಬಡಿಯಿರಿ ಅನ್ನಲಿಲ್ಲ. ಗಟ್ಟಿಯಾಗಿರುವ ಸಂದಿ ಬಿಡದಿದ್ದರೆ ಬಿಟ್ಟುಬಿಡಿ, ಸಡಿಲ ಇರುವುದನ್ನು ಮಾತ್ರ ಬಿಚ್ಚಿ.

ಒಳಗೆ ಹಳೇ ಅಂಟು ಕಂದು ಗಾಜಿನ ಹಾಗಿದ್ದರೆ ಅದು ಬಹುಶಃ ಚರ್ಮದ ಅಂಟು, ಬಿಸಿನೀರಿನ ಬಟ್ಟೆ ಸುತ್ತಿದರೆ ಕರಗುತ್ತದೆ. ಬಿಳಿ ಅಥವಾ ಹಳದಿ ಪೊರೆ ಇದ್ದರೆ ಬಿಸಿ ಮಾಡಿದ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಡಿ. ಮೆತ್ತಗಾದ ಮೇಲೆ ಉಳಿಯಲ್ಲಿ ಹೆರೆಯಿರಿ. ಮರವನ್ನು ಕೆತ್ತಬೇಡಿ, ಅಂಟನ್ನು ಮಾತ್ರ. ಎರಡು ದಿನ ಒಣಗಲು ಬಿಡಿ.

ಈಗ ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿ. ತೂತಿನೊಳಗೆ ಕೂರುವ ಭಾಗವನ್ನು ಇಲ್ಲಿ ನಾಲಿಗೆ ಅನ್ನುತ್ತೇನೆ. ನಾಲಿಗೆ ಸಡಿಲವಾಗಿ ಆಡಿದರೆ ಅಂಟು ಅದನ್ನು ತುಂಬುತ್ತದೆ ಅನ್ನುವ ಭ್ರಮೆ ಬೇಡ. ಫೆವಿಕಾಲ್ ಎರಡು ಮರ ಒತ್ತಿ ಕೂತಾಗ ಮಾತ್ರ ಬಲ ಕೊಡುತ್ತದೆ, ಸಂದಿ ತುಂಬಲು ಅದು ಬರುವುದಿಲ್ಲ. ಕೀಸುಳಿಯಲ್ಲಿ ಒಂದು ಉದ್ದನೆ ತೆಳು ಸುರುಳಿ ತೆಗೆಯಿರಿ. ಅದನ್ನು ನಾಲಿಗೆಗೆ ಅಂಟಿಸಿ, ಒಣಗಿದ ಮೇಲೆ ಅಳತೆಗೆ ಸವರಿ. ಕೈಯಲ್ಲಿ ಒತ್ತಿದರೆ ಒಳಗೆ ಹೋಗಬೇಕು, ತಲೆಕೆಳಗು ಹಿಡಿದರೆ ಬೀಳಬಾರದು. ಅದೇ ಸರಿಯಾದ ಬಿಗಿ.

ಅಂಟನ್ನು ತೂತಿಗೂ ನಾಲಿಗೆಗೂ ಬ್ರಶ್ಶಿನಲ್ಲಿ ತೆಳ್ಳಗೆ ಹಚ್ಚಿ. ಹತ್ತು ನಿಮಿಷದೊಳಗೆ ಎಲ್ಲ ಸೇರಿಸಬೇಕು, ಆದ್ದರಿಂದ ಕ್ಲಾಂಪು, ಬಟ್ಟೆ, ಹಗ್ಗ ಮೊದಲೇ ಕೈಗೆ ಸಿಗುವಂತಿರಲಿ. ದೊಡ್ಡ ಕ್ಲಾಂಪ್ ಇಲ್ಲದಿದ್ದರೆ ನೈಲಾನ್ ಹಗ್ಗವನ್ನು ನಾಲ್ಕೂ ಕಾಲಿಗೆ ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ. ಗಾಡಿಯಲ್ಲಿ ಹುಲ್ಲಿನ ಹೊರೆ ಬಿಗಿಯುವ ಹಾಗೇ. ಹಗ್ಗದ ಕೆಳಗೆ ರಟ್ಟಿನ ತುಂಡು ಇಡಿ, ಇಲ್ಲದಿದ್ದರೆ ಮರಕ್ಕೆ ಗಾಯ ಆಗುತ್ತದೆ. ಮೇಲಿಂದ ನೋಡಿ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಕುರ್ಚಿಯ ಎಡ ಬಲ ಒಂದೇ ಬರಬೇಕು. ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೇಸಿಗೆಯಲ್ಲಿ ಒಂದು ದಿನ, ಮಳೆಯಲ್ಲಿ ಎರಡು ದಿನ ಯಾರೂ ಕೂರಬಾರದು. ನಮ್ಮ ಮನೆಯಲ್ಲಿ ಅದರ ಮೇಲೆ ಮೆಣಸಿನ ಮೂಟೆ ಇಟ್ಟು ಕಾಪಾಡಿದ್ದೆ.

ಒಣಗಿದ ಮೇಲೂ ಒಂದು ಕಾಲು ಗಿಡ್ಡ ಅನ್ನಿಸಿದರೆ ಕಣ್ಣಂದಾಜಿನಲ್ಲಿ ಉಳಿದ ಕಾಲು ಕೊಯ್ಯಬೇಡಿ. ಆ ದಾರಿಯಲ್ಲಿ ಹೋದವರು ಕೊನೆಗೆ ಮಣೆ ಮಾಡಿದ್ದಾರೆ. ಗಿಡ್ಡ ಕಾಲಿನ ಕೆಳಗೆ ಬೆಣೆ ಇಟ್ಟು ಕುರ್ಚಿ ಅಲುಗದಂತೆ ಮಾಡಿ. ಒಂದು ಸಣ್ಣ ಹಲಗೆ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು, ಆ ಗೆರೆಗೆ ಕೊಯ್ಯಿರಿ.

ಮಳೆಗಾಲದ ಬಾಗಿಲು

ಬಾಗಿಲು ಹಿಡಿಯುತ್ತಿದೆ ಅಂದರೆ ಮೊದಲು ಕೀಸುಳಿ ಅಲ್ಲ, ಸ್ಕ್ರೂಡ್ರೈವರ್. ಮೇಲಿನ ತಿರುಗಣೆಯ ಸ್ಕ್ರೂ ಸಡಿಲವಾಗಿ ಬಾಗಿಲು ಜೋತು ಬಿದ್ದಿರುವುದೇ ಎಷ್ಟೋ ಸಲ ಕಾರಣ. ಚಿಲಕದ ಕಡೆಯಿಂದ ಬಾಗಿಲನ್ನು ಮೇಲಕ್ಕೆ ಎತ್ತಿ ನೋಡಿ. ತಿರುಗಣೆಯ ಹತ್ತಿರ ಅಲುಗಾಡಿದರೆ ರೋಗ ಅಲ್ಲಿದೆ. ಸ್ಕ್ರೂ ತೆಗೆದು, ತೂತಿಗೆ ಅಂಟು ಸವರಿದ ಬಿದಿರಿನ ಗೂಟ ಬಡಿದು, ಮರುದಿನ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಬೆಂಕಿಕಡ್ಡಿ ತುರುಕುವುದು ನಾಳೆಯವರೆಗಿನ ಮದ್ದು.

ಅದು ಸರಿ ಇದ್ದೂ ಹಿಡಿಯುತ್ತಿದ್ದರೆ, ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಒಳ ಅಂಚಿಗೆ ಸೀಮೆಸುಣ್ಣ ಗಟ್ಟಿಯಾಗಿ ಬಳಿದು ಬಾಗಿಲು ಹಾಕಿ ತೆಗೆಯಿರಿ. ಎಲ್ಲಿ ಬಿಳಿ ಹತ್ತಿತೋ ಅಲ್ಲಿ ಉಜ್ಜುತ್ತಿದೆ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆದು, ಸುಮ್ಮನಿರಿ. ತೀರಾ ಚಿಲಕವೇ ಬೀಳದಿದ್ದರೆ ಆ ಗುರುತಿನಷ್ಟು ಮಾತ್ರ ಕೀಸಿ, ಬಾಗಿಲು ಮುಚ್ಚಿದರೆ ನಿಲ್ಲಿಸಿ. ಮಳೆಗಾಲದ ನಡುವೆ ಅದು ಬಿಗಿಯಾಗಿ ಮುಚ್ಚಿದರೆ ಸಾಕು. ಒಂದು ನೂಲು ಸಂದಿ ಬರಲಿ ಅಂತ ಈಗಲೇ ಕೀಸಿದರೆ ಫೆಬ್ರವರಿಯಲ್ಲಿ ಅದು ಮೂರು ನೂಲಾಗುತ್ತದೆ.

ನಿಜವಾದ ರಿಪೇರಿ ಬೇಸಿಗೆಯದ್ದು. ಒಂದು ಕನ್ನಡಿಯನ್ನು ಬಾಗಿಲ ಕೆಳಗೆ ತೂರಿಸಿ ಅಡಿ ಅಂಚನ್ನು ನೋಡಿ. ನಮ್ಮ ಬಚ್ಚಲು ಬಾಗಿಲಿಗೆ ಮೂರು ಸಲ ಪೇಂಟ್ ಹೊಡೆದಿದ್ದರು, ಮುಂದೆ, ಹಿಂದೆ, ಪಕ್ಕ. ಅಡಿಯಲ್ಲಿ ಒಂದು ಹನಿಯೂ ಇಲ್ಲ. ಬೋಳು ಮರ, ಕಪ್ಪಗೆ, ಸ್ಪಂಜಿನ ಹಾಗೆ. ನಿಂತ ಹಲಗೆಗಳ ಕಡಿದ ತುದಿ ಇರುವುದೇ ಅಲ್ಲಿ, ನೀರು ಹೀರುವ ಬಾಯಿ ಅದೇ. ಮಾರ್ಚಿನಲ್ಲಿ ಬಾಗಿಲು ಇಳಿಸಿ, ವಾರ ಒಣಗಿಸಿ, ಅಡಿ ಮತ್ತು ತಲೆ ಅಂಚಿಗೆ ಮೂರು ಕೋಟ್ ಎನಾಮೆಲ್ ಪೇಂಟ್ ಕೊಟ್ಟೆ. ಮೊದಲ ಕೋಟನ್ನು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ ಕುಡಿಸಬೇಕು. ಮರುವರ್ಷ ಜುಲೈನಲ್ಲಿ ಬಾಗಿಲು ಸ್ವಲ್ಪ ಬಿಗಿಯಾಯಿತು, ಅಷ್ಟೇ. ಭುಜ ಕೊಡಬೇಕಾಗಲಿಲ್ಲ.

ಕುಟ್ಟೆ ಮತ್ತು ಗೆದ್ದಲು

ಹಲಗೆಯ ಕೆಳಗೆ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ. ಅದಕ್ಕೆ ಬೇಕಾಗಿರುವುದು ಮರದ ಹೊರಗಿನ ಬಿಳಿ ಭಾಗದ ಪಿಷ್ಟ. ಚೇಗಿನ ಕಡೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಹೋಗುವುದು ಕಡಿಮೆ. ಹೊಸ ಹಲಗೆಗೆ ಮೊದಲೇ ಬೋರಿಕ್ ಆಸಿಡ್, ಬೋರಾಕ್ಸ್ ಕೊಟ್ಟುಬಿಡಿ. 10 ಲೀಟರ್ ಬಿಸಿನೀರಿಗೆ 200 ಗ್ರಾಂ ಬೋರಿಕ್ ಆಸಿಡ್, 300 ಗ್ರಾಂ ಬೋರಾಕ್ಸ್. ಕೈಗವಸು ಹಾಕಿ ಬ್ರಶ್ಶಿನಲ್ಲಿ ಎರಡು ಮೂರು ಸಲ, ಪ್ರತಿ ಸಲವೂ ತೊಟ್ಟಿಕ್ಕುವಷ್ಟು. ಮರ ಅರೆಹಸಿ ಇದ್ದಾಗ ಕೊಟ್ಟರೆ ಇನ್ನೂ ಒಳಗೆ ಇಳಿಯುತ್ತದೆ. ಮಕ್ಕಳಿಗೆ, ನಾಯಿಗೆ ಸಿಗದಂತಿಡಿ. ಮಳೆಗೆ ಒಡ್ಡಿದರೆ ತೊಳೆದುಹೋಗುತ್ತದೆ, ಆದ್ದರಿಂದ ಒಳಗಿನ ಸಾಮಾನಿಗೆ ಮಾತ್ರ.

ಮಾಡಿನ ತೊಲೆಗೆ ಗೇರು ಎಣ್ಣೆ ಬಳಿಯುವುದು ನಮ್ಮ ಹಳಬರ ರೂಢಿ. ಕೆಲಸ ಮಾಡುತ್ತದೆ. ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕುರ್ಚಿ ಬೆಂಚಿಗೆ ಅಪ್ಪಿತಪ್ಪಿಯೂ ಬೇಡ.

ಜಗುಲಿ ಬೆಂಚು

ಮೂರಡಿ ಉದ್ದ, 11 ಇಂಚು ಅಗಲ, 17 ಇಂಚು ಎತ್ತರ. ಇಬ್ಬರು ಕೂತು ಕಾಫಿ ಕುಡಿಯುವಷ್ಟು. ಎಲ್ಲ ಸೇರಿ ಒಂದು ಸಿಎಫ್‌ಟಿ ಮರ ಸಾಕು.

ಕೀಸಿದ ಮೇಲಿನ ಅಳತೆ ಹೀಗೆ. ಮೇಲಿನ ಹಲಗೆ 36 ಇಂಚು ಉದ್ದ, 11 ಅಗಲ, ಒಂದೂಕಾಲು ದಪ್ಪ. ಕಾಲು ನಾಲ್ಕು, ಒಂದೂಮುಕ್ಕಾಲು ಇಂಚಿನ ಚೌಕ, 15¾ ಇಂಚು ಉದ್ದ. ಉದ್ದದ ಪಟ್ಟಿ ಎರಡು, 28 ಇಂಚು. ಅಡ್ಡ ಪಟ್ಟಿ ಎರಡು, 7½ ಇಂಚು. ಪಟ್ಟಿಗಳೆಲ್ಲ 3 ಇಂಚು ಅಗಲ, 1 ಇಂಚು ದಪ್ಪ. ಎರಡೂ ತುದಿಯಲ್ಲಿ ಒಂದೊಂದು ಇಂಚು ನಾಲಿಗೆ ಇದರಲ್ಲೇ ಸೇರಿದೆ.

ಮೊದಲು ಕಾಲುಗಳಲ್ಲಿ ತೂತು. ನಾಲ್ಕೂ ಕಾಲನ್ನು ನಿಲ್ಲುವ ಹಾಗೆ ನಿಲ್ಲಿಸಿ, ಒಳಮುಖ ಎರಡಕ್ಕೂ ಗುರುತು ಹಾಕಿ. ಇದನ್ನು ಬಿಟ್ಟರೆ ಎರಡು ಬಲಗಾಲಿನ ಬೆಂಚು ತಯಾರಾಗುತ್ತದೆ. ಕಾಲಿನ ತಲೆಯಿಂದ ಅರ್ಧ ಇಂಚು ಬಿಟ್ಟು, 2¼ ಇಂಚು ಉದ್ದ, ಮೂರು ನೂಲು ಅಗಲ, 1 ಇಂಚು ಆಳ. ಗೇಜಿನಲ್ಲಿ ಗೆರೆ ಎಳೆಯಿರಿ. ಮೂರು ನೂಲಿನ ಬಿಟ್‌ನಲ್ಲಿ ಸಾಲಾಗಿ ತೂತು ಕೊರೆಯಿರಿ, ಆಳಕ್ಕೆ ಬಿಟ್‌ಗೆ ಟೇಪ್ ಸುತ್ತಿ. ಉಳಿದದ್ದನ್ನು ಉಳಿಯಲ್ಲಿ ಚೌಕ ಮಾಡಿ. ಎರಡು ಮುಖದ ತೂತುಗಳು ಕಾಲಿನೊಳಗೆ ಒಂದಕ್ಕೊಂದು ತಾಗುತ್ತವೆ, ಗಾಬರಿ ಬೇಡ, ಹಾಗೇ ಆಗಬೇಕು.

ಆಮೇಲೆ ನಾಲಿಗೆ. ತೂತು ಮೊದಲು, ನಾಲಿಗೆ ನಂತರ, ಯಾಕೆಂದರೆ ನಾಲಿಗೆಯನ್ನು ಸವರಿ ಕಿರಿದು ಮಾಡಬಹುದು, ತೂತನ್ನು ಚಿಕ್ಕದು ಮಾಡಲಾಗುವುದಿಲ್ಲ. ಗೆರೆಯನ್ನು ಪೆನ್ಸಿಲ್ಲಿನಲ್ಲಿ ಅಲ್ಲ, ಚಾಕುವಿನಲ್ಲಿ ಹಾಕಿ. ಗರಗಸವನ್ನು ಗೆರೆಯ ಹೊರಗೆ, ಬಿಸಾಡುವ ಕಡೆ ಇಟ್ಟು ಕೊಯ್ಯಿರಿ. ಪಟ್ಟಿಯ ಮೇಲಂಚಿಂದ ಅರ್ಧ ಇಂಚು, ಕೆಳಗಿಂದ ಕಾಲು ಇಂಚು ತೆಗೆದರೆ ನಾಲಿಗೆ 2¼ ಬರುತ್ತದೆ. ತುದಿಗಳನ್ನು 45 ಡಿಗ್ರಿ ಓರೆ ಕೊಯ್ದರೆ ಒಳಗೆ ಎರಡು ನಾಲಿಗೆಗಳು ಜಗಳ ಆಡುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೇ ಒಳ್ಳೆಯದು.

ನನ್ನ ಮೊದಲ ಬೆಂಚಿನ ಎಂಟು ನಾಲಿಗೆಯಲ್ಲಿ ಮೂರು ಸಡಿಲ ಆಗಿದ್ದವು. ಕುರ್ಚಿಗೆ ಹೇಳಿದ ಸುರುಳಿ ಉಪಾಯದಲ್ಲೇ ಸರಿ ಮಾಡಿದೆ. ಒಂಬತ್ತು ವರ್ಷ ಆಯಿತು, ಈಗಲೂ ಕೂರುತ್ತಿದ್ದೇವೆ.

ಅಂಟಿಸುವುದು ಎರಡು ಕಂತಿನಲ್ಲಿ. ಮೊದಲ ದಿನ ಅಡ್ಡ ಪಟ್ಟಿಯ ಎರಡು ಜೋಡಿ ಕಾಲು, ಮರುದಿನ ಉದ್ದದ ಪಟ್ಟಿಗಳು. ಮೂಲೆ ಮೂಲೆ ಅಳೆಯುವುದನ್ನು ಮರೆಯಬೇಡಿ.

ಇನ್ನು ಮೇಲಿನ ಹಲಗೆ. ಕಡೂರಿನ ಟೇಬಲ್ ನೆನಪಿದೆ ಅಲ್ವಾ? ಇಲ್ಲಿ ಅಂಟು ಒಂದು ಹನಿಯೂ ಬೇಡ. ಪಟ್ಟಿಗಳ ಒಳಮೈಗೆ ಒಂದು ಇಂಚಿನ ರೀಪು ಸ್ಕ್ರೂ ಮಾಡಿ, ಆ ರೀಪಿನ ಮೂಲಕ ಕೆಳಗಿಂದ ಹಲಗೆಗೆ ಸ್ಕ್ರೂ ಹಾಕಿ. ಅಡ್ಡ ಪಟ್ಟಿಯ ರೀಪಿನ ನಡುವಿನ ತೂತು ಮಾತ್ರ ಗುಂಡಗಿರಲಿ. ಉದ್ದದ ಪಟ್ಟಿಗಳ ರೀಪಿನ ತೂತುಗಳನ್ನು ಬೆಂಚಿನ ಅಗಲದ ಕಡೆಗೆ ಉದ್ದನೆ ಮಾಡಿ, ಸ್ಕ್ರೂ ಎರಡೂ ಕಡೆ ಒಂದು ನೂಲು ಸರಿಯುವಷ್ಟು. ವಾಶರ್ ಹಾಕಿ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಡಿ. ಈಗ ಹಲಗೆ ನಡುವಿನಿಂದ ಎರಡೂ ಕಡೆ ಉಬ್ಬಿ ಕುಗ್ಗಿ ಮಾಡಿಕೊಳ್ಳುತ್ತದೆ, ಚೌಕಟ್ಟಿಗೆ ಗೊತ್ತೇ ಆಗುವುದಿಲ್ಲ.

ಕೂರುವ ಅಂಚುಗಳನ್ನು ಕೀಸುಳಿಯಲ್ಲಿ ಮುರಿಯಿರಿ, ತೊಡೆಗೆ ಒತ್ತಬಾರದು. ಮರಳು ಕಾಗದ 120, 180, 240, ಯಾವಾಗಲೂ ಎಳೆಯ ಗುಂಟ. ಕಾಲಿನ ಅಡಿಗೆ ಬಾಗಿಲಿಗೆ ಕೊಟ್ಟ ಪೇಂಟನ್ನೇ ಕೊಡಿ. ಜಗುಲಿಗೆ ಎರಚಲು ಬಂದೇ ಬರುತ್ತದೆ.

ಎಣ್ಣೆ ಹಚ್ಚುವುದು

ಡಿಸೆಂಬರಿನಿಂದ ಮೇ ಒಳಗೆ ಮಾಡಿ. ಮಳೆಯಲ್ಲಿ ಅರಗಿನ ಪಾಲಿಶ್ ಹಾಕಿದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ, ಎಣ್ಣೆ ಹಾಕಿದರೆ ಒಣಗುವ ಮೊದಲೇ ಬೂಸ್ಟು. ಪೇಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ, ಅಗಸೆ ಎಣ್ಣೆಯೇ ಅದು. ಮೊದಲ ಕೈಗೆ ಸಮಪಾಲು ಟರ್ಪೆಂಟೈನ್ ಬೆರೆಸಿ, ಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು ಮೇಲೆ ನಿಂತದ್ದನ್ನೆಲ್ಲ ಒರೆಸಿಬಿಡಿ. ಒರೆಸದಿದ್ದರೆ ಅಂಟಂಟು, ವರ್ಷವಾದರೂ ಹೋಗುವುದಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಕೈ, ಮತ್ತೆರಡು ದಿನಕ್ಕೆ ಮೂರನೆಯದು. ಸಿಲ್ವರ್ ಓಕಿನ ಜರಿ ಕಾಣಿಸುವುದು ಎರಡನೇ ಕೈಯಲ್ಲಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಸುತ್ತ ಕೀಸಿದ ಸುರುಳಿ, ಹೊಟ್ಟು ಬೇರೆ. ಬಟ್ಟೆಯನ್ನು ಬಿಡಿಸಿ ಅಂಗಳದ ತಂತಿಯ ಮೇಲೆ ಒಂದು ಪದರ ಹರವಿ, ರೊಟ್ಟಿಯಂತೆ ಬಿರುಸಾದ ಮೇಲೆ ಕಸಕ್ಕೆ ಹಾಕಿ.